ಪೋರ್ಟಬಲ್ ಜನರೇಟರ್‌ನ ವಿದ್ಯುತ್ ಹೊರೆ ನಿರ್ವಹಣೆ

ಪೋರ್ಟಬಲ್ ಜನರೇಟರ್‌ನ ವಿದ್ಯುತ್ ಹೊರೆ ನಿರ್ವಹಣೆ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದಾದ ಸಣ್ಣ ಜನರೇಟರ್‌ಗೆ ಅದರ ಸಾಮರ್ಥ್ಯ ಮೀರದಂತೆ ಉಪಕರಣಗಳನ್ನು ಆಯ್ದು, ಸರಿಯಾದ ಕ್ರಮದಲ್ಲಿ, ಸುರಕ್ಷಿತವಾದ ತಂತಿ ಹಾಗೂ ಸ್ವಿಚ್ಚುಗಳ ಮೂಲಕ ಜೋಡಿಸುವ ವಿಧಾನ. ಹೊರೆ ಅಥವಾ ಲೋಡ್ ಎಂಬುದು ಜನರೇಟರ್‌ನಿಂದ ವಿದ್ಯುತ್ ಪಡೆಯುವ ಎಲ್ಲ ಉಪಕರಣಗಳ ಒಟ್ಟು ಬೇಡಿಕೆಯನ್ನು ಸೂಚಿಸುತ್ತದೆ. ಜನರೇಟರ್‌ನ ಫಲಕದಲ್ಲಿ ನಮೂದಾಗಿರುವ ಸಾಮರ್ಥ್ಯವೂ ಬಳಕೆಗೆ ನಿಜವಾಗಿ ದೊರೆಯುವ ಸಾಮರ್ಥ್ಯವೂ ಒಂದೇ ಅಲ್ಲ. ಬೆಂಗಳೂರಿನಂತಹ ಎತ್ತರದ ಊರಿನಲ್ಲಿ ಇವೆರಡರ ನಡುವಿನ ಅಂತರ ಇನ್ನಷ್ಟು ಹೆಚ್ಚುತ್ತದೆ. ಈ ಲೇಖನವು ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿಟಿಎಂ ಬಡಾವಣೆಗಳ ಮನೆಗಳು, ಅಂಗಡಿಗಳು ಹಾಗೂ ಉತ್ಸವದ ಪೆಂಡಾಲುಗಳ ಸನ್ನಿವೇಶವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ವಿವರಿಸುತ್ತದೆ.

## ಹಿನ್ನೆಲೆ

ಶಿವನಸಮುದ್ರದ ಜಲವಿದ್ಯುತ್ ಕೇಂದ್ರವು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಕೆ ಆರಂಭಿಸಿತು. ಬೆಂಗಳೂರು ನಗರಕ್ಕೆ ವಿದ್ಯುತ್ ದೀಪಗಳು ಬಂದದ್ದು 1905ರಲ್ಲಿ. ಸ್ವಾತಂತ್ರ್ಯಾನಂತರ, 1948ರಲ್ಲಿ ಶಂಕುಸ್ಥಾಪನೆಗೊಂಡ ಜಯನಗರ ಮತ್ತು ಅನಂತರ ಬೆಳೆದ ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳು ನಗರವನ್ನು ದಕ್ಷಿಣಕ್ಕೆ ವಿಸ್ತರಿಸಿದವು. ಈ ಪ್ರದೇಶಕ್ಕೆ ಈಗ ವಿದ್ಯುತ್ ವಿತರಿಸುತ್ತಿರುವ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಬೆಸ್ಕಾಂ, 2002ರಲ್ಲಿ ಕಾರ್ಯಾರಂಭ ಮಾಡಿತು.

ಕರ್ನಾಟಕದ ವಿದ್ಯುತ್ ಉತ್ಪಾದನೆಯು ದೀರ್ಘಕಾಲ ಜಲಾಶಯಗಳನ್ನೇ ಹೆಚ್ಚಾಗಿ ಅವಲಂಬಿಸಿತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ವಿದ್ಯುತ್ ಕಡಿತ ಸಾಮಾನ್ಯವಾಗಿದ್ದ ಕಾರಣ ಅಂಗಡಿ, ಚಿಕಿತ್ಸಾಲಯ ಮತ್ತು ಮನೆಗಳಲ್ಲಿ ಪೆಟ್ರೋಲ್ ಅಥವಾ ಸೀಮೆಎಣ್ಣೆಯ ಸಣ್ಣ ಜನರೇಟರ್‌ಗಳು ಬಳಕೆಗೆ ಬಂದವು. ಬಳಿಕ ಅನೇಕ ಮನೆಗಳಲ್ಲಿ ಬ್ಯಾಟರಿ ಆಧಾರಿತ ಯುಪಿಎಸ್ ಅವುಗಳ ಸ್ಥಾನ ಪಡೆಯಿತು. ಆದರೂ ಹಲವು ಗಂಟೆಗಳ ಕಡಿತದಲ್ಲಿ, ನೀರೆತ್ತುವ ಪಂಪಿಗೆ, ಕಟ್ಟಡ ಕಾಮಗಾರಿಗೆ ಹಾಗೂ ಗಣೇಶೋತ್ಸವದಂತಹ ಸಂದರ್ಭಗಳಿಗೆ ಜನರೇಟರ್ ಬಳಕೆ ಇಂದಿಗೂ ಉಳಿದಿದೆ.

ದಕ್ಷಿಣ ಬೆಂಗಳೂರಿನ ಹಳೆಯ ರಸ್ತೆಗಳಲ್ಲಿ ದೊಡ್ಡ ಮರಗಳ ಸಾಲುಗಳಿವೆ. ಏಪ್ರಿಲ್‌ ಮತ್ತು ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲಿ ಬಿರುಗಾಳಿಗೆ ಕೊಂಬೆಗಳು ಮುರಿದು ತಂತಿಗಳ ಮೇಲೆ ಬೀಳುವುದರಿಂದ ಪೂರೈಕೆ ನಿಲ್ಲುತ್ತದೆ. ಜಲಮಂಡಳಿಯ ಕಾವೇರಿ ನೀರು ಬಹುತೇಕ ಮನೆಗಳಲ್ಲಿ ಮೊದಲು ನೆಲದಡಿಯ ಸಂಪಿಗೆ ಬಂದು, ಅಲ್ಲಿಂದ ಮೋಟಾರಿನ ಮೂಲಕ ತಾರಸಿಯ ಟ್ಯಾಂಕಿಗೆ ಏರುತ್ತದೆ. ಹೀಗಾಗಿ ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲೇ ನೀರೂ ನಿಲ್ಲುತ್ತದೆ. ಸಂಪಿನ ಮೋಟಾರು ಇಲ್ಲಿನ ಮನೆಗಳ ಅತ್ಯಗತ್ಯ ಹೊರೆಯೂ ಹೌದು, ಸಣ್ಣ ಜನರೇಟರ್‌ಗೆ ಅತಿ ಕಷ್ಟದ ಹೊರೆಯೂ ಹೌದು.

## ಸಾಮರ್ಥ್ಯದ ಲೆಕ್ಕ

### ಫಲಕದ ಅಂಕಿಗಳು

ಜನರೇಟರ್‌ನ ಫಲಕದಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ. ‘ರೇಟೆಡ್’ ಎಂಬುದು ಯಂತ್ರವು ನಿರಂತರವಾಗಿ ಕೊಡಬಲ್ಲ ಸಾಮರ್ಥ್ಯ. ‘ಮ್ಯಾಕ್ಸಿಮಮ್’ ಎಂಬುದು ಅಲ್ಪಕಾಲ ಮಾತ್ರ ಕೊಡಬಲ್ಲ ಗರಿಷ್ಠ ಸಾಮರ್ಥ್ಯ. ಜಾಹೀರಾತುಗಳಲ್ಲಿ ಎರಡನೆಯದೇ ಎದ್ದು ಕಾಣುವುದುಂಟು. ಹೊರೆಯ ಲೆಕ್ಕಕ್ಕೆ ಮೊದಲನೆಯದನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ಸಾಮರ್ಥ್ಯವನ್ನು ವೋಲ್ಟ್-ಆಂಪಿಯರ್ (ವಿಎ) ಅಥವಾ ಕೆವಿಎ ಘಟಕದಲ್ಲಿ ನಮೂದಿಸಿರುತ್ತಾರೆ. ಉಪಕರಣಗಳ ಬೇಡಿಕೆ ವ್ಯಾಟ್ ಘಟಕದಲ್ಲಿರುತ್ತದೆ. ವಿಎ ಅಂಕಿಯನ್ನು ಪವರ್ ಫ್ಯಾಕ್ಟರ್‌ನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಅನೇಕ ಸಣ್ಣ ಏಕಫೇಸ್ ಜನರೇಟರ್‌ಗಳ ಸಾಮರ್ಥ್ಯವನ್ನು 1 ಪವರ್ ಫ್ಯಾಕ್ಟರ್‌ಗೂ, ಮೂರು ಫೇಸ್ ಜನರೇಟರ್‌ಗಳ ಸಾಮರ್ಥ್ಯವನ್ನು ಸಾಮಾನ್ಯವಾಗಿ 0.8ಕ್ಕೂ ಹೇಳಿರುತ್ತಾರೆ. 0.8ರಂತೆ 5 ಕೆವಿಎ ಯಂತ್ರದಿಂದ ಸಿಗುವುದು 4 ಕಿಲೋವ್ಯಾಟ್ ಮಾತ್ರ.

### ಎತ್ತರದ ಪರಿಣಾಮ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಎಂಜಿನ್ನಿನ ಪ್ರತಿ ಉಸಿರಿಗೂ ದೊರೆಯುವ ಆಮ್ಲಜನಕ ಕಡಿಮೆಯಾಗಿ ಅದರ ಶಕ್ತಿಯೂ ಇಳಿಯುತ್ತದೆ. ಕಾರ್ಬ್ಯುರೇಟರ್ ಇರುವ ಸಣ್ಣ ಪೆಟ್ರೋಲ್ ಎಂಜಿನ್ನುಗಳಲ್ಲಿ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ. 3.5ರಷ್ಟು ಶಕ್ತಿ ಕುಗ್ಗುತ್ತದೆ ಎಂಬುದು ತಯಾರಕರ ಕೈಪಿಡಿಗಳಲ್ಲಿ ಕಾಣುವ ಅಂದಾಜು. ಆ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಫಲಕದ ಸಾಮರ್ಥ್ಯದ ಸುಮಾರು ಹತ್ತನೇ ಒಂದು ಭಾಗ ದೊರೆಯುವುದಿಲ್ಲ. ಮಂಗಳೂರಿನಲ್ಲಿ ಸಲೀಸಾಗಿ ಹೊರೆ ಎಳೆದ ಯಂತ್ರ ಜಯನಗರದಲ್ಲಿ ಅದೇ ಹೊರೆಗೆ ಏದುಸಿರು ಬಿಡಬಹುದು.

### ಮೀಸಲು

ನಿರಂತರ ಬಳಕೆಯಲ್ಲಿ ಲಭ್ಯ ಸಾಮರ್ಥ್ಯದ ಶೇ. 80ರೊಳಗೆ ಹೊರೆಯನ್ನು ಇಡುವುದು ರೂಢಿ. ಉಳಿದ ಭಾಗವು ಮೋಟಾರುಗಳ ಆರಂಭದ ಸೆಳೆತ, ಬೇಸಿಗೆಯ ಬಿಸಿ ಮತ್ತು ಎಂಜಿನ್ನಿನ ಸವೆತಕ್ಕೆ ಮೀಸಲು.

ಫಲಕದಲ್ಲಿ 2.5 ಕೆವಿಎ (ಪವರ್ ಫ್ಯಾಕ್ಟರ್ 1) ಎಂದು ನಮೂದಾದ ಪೆಟ್ರೋಲ್ ಜನರೇಟರ್‌ನ ಲೆಕ್ಕ ಹೀಗಿರುತ್ತದೆ:

- ಫಲಕದ ನಿರಂತರ ಸಾಮರ್ಥ್ಯ: 2,500 ವ್ಯಾಟ್
- ಎತ್ತರಕ್ಕಾಗಿ ಶೇ. 10 ಕಳೆದಾಗ: 2,250 ವ್ಯಾಟ್
- ಅದರ ಶೇ. 80, ಅಂದರೆ ನಿರಂತರ ಹೊರೆಯ ಮಿತಿ: 1,800 ವ್ಯಾಟ್

ಭಾರತದಲ್ಲಿ ಏಕಫೇಸ್ ಪೂರೈಕೆಯ ಪ್ರಮಾಣಿತ ವೋಲ್ಟೇಜ್ 230. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಅಂದಾಜು ಸಿಗುತ್ತದೆ. 1,800 ವ್ಯಾಟ್ ಹೊರೆಗೆ ಸುಮಾರು 7.8 ಆಂಪಿಯರ್ ಹರಿಯುತ್ತದೆ.

## ಉಪಕರಣಗಳ ಬೇಡಿಕೆ

ಸಾಮಾನ್ಯ ಗೃಹೋಪಕರಣಗಳ ಅಂದಾಜು ಬೇಡಿಕೆ ಕೆಳಗಿನಂತಿದೆ. ನಿಖರವಾದ ಅಂಕಿಯನ್ನು ಆಯಾ ಉಪಕರಣದ ಮೇಲಿನ ಫಲಕದಿಂದಲೇ ತಿಳಿಯಬೇಕು.

| ಉಪಕರಣ | ಚಾಲನೆಯಲ್ಲಿನ ಬೇಡಿಕೆ (ವ್ಯಾಟ್) |
|---|---|
| ಎಲ್ಇಡಿ ಬಲ್ಬ್ | 9 |
| ವೈ-ಫೈ ರೌಟರ್ | 10 |
| ಸೀಲಿಂಗ್ ಫ್ಯಾನ್ | 75 (ಬಿಎಲ್‌ಡಿಸಿ ಆದರೆ ಸುಮಾರು 30) |
| ಲ್ಯಾಪ್‌ಟಾಪ್ | 65 |
| ಟಿ.ವಿ. | 60–100 |
| ಫ್ರಿಜ್ | 100–250 |
| ಆಕ್ಸಿಜನ್ ಕಾನ್ಸಂಟ್ರೇಟರ್ (ನಿಮಿಷಕ್ಕೆ 5 ಲೀಟರ್) | 300–400 |
| ಮಿಕ್ಸಿ | 500–750 |
| ಅರ್ಧ ಅಶ್ವಶಕ್ತಿಯ ಸಂಪ್ ಮೋಟಾರ್ | ಸುಮಾರು 600 |
| ಇಸ್ತ್ರಿಪೆಟ್ಟಿಗೆ | 750–1,000 |
| 1.5 ಟನ್ ಎ.ಸಿ. | 1,500–1,700 |
| ಇಂಡಕ್ಷನ್ ಒಲೆ | 1,800–2,000 |
| ಗೀಸರ್ | 2,000–3,000 |

ಬಲ್ಬ್, ಗೀಸರ್, ಇಸ್ತ್ರಿಪೆಟ್ಟಿಗೆಗಳು ಆರಂಭದಿಂದಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ವಿದ್ಯುತ್ ಎಳೆಯುತ್ತವೆ. ಫ್ರಿಜ್, ಪಂಪು, ಎ.ಸಿ.ಗಳಂತಹ ಮೋಟಾರುಳ್ಳ ಉಪಕರಣಗಳು ನಿಶ್ಚಲ ಸ್ಥಿತಿಯಿಂದ ತಿರುಗಲು ತೊಡಗುವ ಕ್ಷಣದಲ್ಲಿ ಚಾಲನೆಯ ಬೇಡಿಕೆಗಿಂತ ಹಲವು ಪಟ್ಟು ಹೆಚ್ಚು ಎಳೆಯುತ್ತವೆ. ಈ ಸೆಳೆತ ಒಂದೆರಡು ಸೆಕೆಂಡುಗಳಷ್ಟೇ ಇದ್ದರೂ ಎಂಜಿನ್ನನ್ನು ನಿಲ್ಲಿಸಲು ಅಷ್ಟೇ ಸಾಕು. ಮೋಟಾರ್ ಅಶ್ವಶಕ್ತಿಯನ್ನು ವ್ಯಾಟ್‌ಗೆ ಪರಿವರ್ತಿಸುವಾಗಲೂ ಎಚ್ಚರ ಬೇಕು. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್, ಆದರೆ ಅದು ಮೋಟಾರು ಹೊರಕೊಡುವ ಶಕ್ತಿ. ಮೋಟಾರಿನೊಳಗಿನ ನಷ್ಟ ಸೇರಿದರೆ ಒಳಸೆಳೆಯುವ ವಿದ್ಯುತ್ ಅದಕ್ಕಿಂತ ಹೆಚ್ಚಿರುತ್ತದೆ.

ಮನೆಯಲ್ಲಿ ಯುಪಿಎಸ್ ಇದ್ದರೆ ಅದೂ ಒಂದು ಹೊರೆಯೇ. ಜನರೇಟರ್ ಚಾಲೂ ಆದೊಡನೆ ಬರಿದಾದ ಬ್ಯಾಟರಿಯ ಚಾರ್ಜಿಂಗ್ ತೊಡಗುತ್ತದೆ. ಇದನ್ನು ಲೆಕ್ಕಕ್ಕೆ ಸೇರಿಸದೆ ಹೋದರೆ ಒಟ್ಟು ಹೊರೆ ಅಂದಾಜು ಮೀರುತ್ತದೆ.

## ಜೋಡಣೆಯ ಕ್ರಮ

ಒಂದೇ ಹೊರೆಯನ್ನು ಒಂದು ಕ್ರಮದಲ್ಲಿ ಜೋಡಿಸಿದರೆ ಯಂತ್ರ ತಾಳಿಕೊಳ್ಳುತ್ತದೆ, ಇನ್ನೊಂದು ಕ್ರಮದಲ್ಲಿ ಜೋಡಿಸಿದರೆ ನಿಂತುಹೋಗುತ್ತದೆ. ಮೂವತ್ತು-ನಲವತ್ತರ ನಿವೇಶನದ ಒಂದು ಮನೆಯಲ್ಲಿ ಮೇಲಿನ 2.5 ಕೆವಿಎ ಜನರೇಟರ್ ಇದೆ ಎಂದುಕೊಳ್ಳೋಣ. ಎಂಟು ಎಲ್ಇಡಿ ಬಲ್ಬುಗಳು (72), ನಾಲ್ಕು ಫ್ಯಾನುಗಳು (300), ಟಿ.ವಿ. (100), ಎರಡು ಲ್ಯಾಪ್‌ಟಾಪ್ (130) ಮತ್ತು ರೌಟರ್ (10) ಸೇರಿ 612 ವ್ಯಾಟ್ ಆಗುತ್ತದೆ. ಫ್ರಿಜ್ ಚಾಲನೆಯಲ್ಲಿ 150, ಆರಂಭದಲ್ಲಿ 900 ವ್ಯಾಟ್ ಎಳೆಯುತ್ತದೆ. ಸಂಪ್ ಮೋಟಾರ್ ಚಾಲನೆಯಲ್ಲಿ 600, ಆರಂಭದಲ್ಲಿ 1,800 ವ್ಯಾಟ್ ಎಳೆಯುತ್ತದೆ. ಆರಂಭದ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡ ಅಂದಾಜುಗಳು. ಕೆಲವು ಮೋಟಾರುಗಳ ಸೆಳೆತ ಇದಕ್ಕಿಂತಲೂ ಹೆಚ್ಚಿರುತ್ತದೆ.

- ಮೋಟಾರ್ ಕೊನೆಗೆ: ಮೊದಲೇ 762 ವ್ಯಾಟ್ ಹೊರೆ ಇರುವಾಗ ಮೋಟಾರ್ ಹಾಕಿದರೆ ಕ್ಷಣಿಕ ಬೇಡಿಕೆ 2,562 ವ್ಯಾಟ್ ತಲುಪುತ್ತದೆ. ಇದು ಲಭ್ಯವಿರುವ 2,250ನ್ನು ಮೀರುತ್ತದೆ.
- ಮೋಟಾರ್ ಮೊದಲಿಗೆ: ಮೋಟಾರ್ ಮಾತ್ರ ಇರುವಾಗ ಆರಂಭದಲ್ಲಿ 1,800 ವ್ಯಾಟ್ ತಗಲಿ ಬಳಿಕ 600ಕ್ಕೆ ಇಳಿಯುತ್ತದೆ. ಅನಂತರ ಫ್ರಿಜ್ ಹಾಕಿದಾಗ ಕ್ಷಣಕಾಲ 1,500 ವ್ಯಾಟ್ ಆಗಿ 750ಕ್ಕೆ ಇಳಿಯುತ್ತದೆ. ಉಳಿದವನ್ನು ಸೇರಿಸಿದಾಗ ಒಟ್ಟು 1,362 ವ್ಯಾಟ್. ಇದು 1,800ರ ಮಿತಿಯೊಳಗಿದೆ.
- ಎಲ್ಲವೂ ಒಟ್ಟಿಗೆ: ಸ್ವಿಚ್ಚುಗಳೆಲ್ಲ ಹಾಕಿದ ಸ್ಥಿತಿಯಲ್ಲೇ ಜನರೇಟರ್ ಜೋಡಿಸಿದರೆ ಬೇಡಿಕೆ 3,312 ವ್ಯಾಟ್ ತಲುಪಬಹುದು.

ಇದರಿಂದ ಹೊರಡುವ ಸಾಮಾನ್ಯ ನಿಯಮಗಳು ಇವು:

1. ಜನರೇಟರನ್ನು ಹೊರೆಯಿಲ್ಲದೆ ಚಾಲೂ ಮಾಡಿ, ಕೆಲವು ನಿಮಿಷ ಓಡಿ ಸ್ಥಿರಗೊಂಡ ಬಳಿಕವೇ ಉಪಕರಣಗಳನ್ನು ಜೋಡಿಸಬೇಕು.
2. ಆರಂಭದ ಸೆಳೆತ ಹೆಚ್ಚಿರುವ ಮೋಟಾರನ್ನು ಮೊದಲು, ಉಳಿದವನ್ನು ಒಂದೊಂದಾಗಿ ಅನಂತರ ಹಾಕಬೇಕು.
3. ಸಂಪ್ ಮೋಟಾರಿಗೆ ನೀರಿನ ಮಟ್ಟ ನೋಡಿ ತಾನೇ ಚಾಲೂ ಆಗುವ ಸ್ವಯಂಚಾಲಿತ ನಿಯಂತ್ರಕ ಇದ್ದರೆ, ಜನರೇಟರ್ ಬಳಸುವಾಗ ಅದನ್ನು ಕೈಚಾಲನೆಗೆ ಬದಲಿಸಬೇಕು. ಇಲ್ಲವಾದರೆ ಎಲ್ಲ ಹೊರೆ ಇರುವಾಗಲೇ ಮೋಟಾರ್ ತಿರುಗತೊಡಗಬಹುದು.
4. ಟ್ಯಾಂಕು ತುಂಬಿದ ಬಳಿಕ ಮೋಟಾರ್ ನಿಲ್ಲಿಸಿಯೇ ಮಿಕ್ಸಿ ಹಾಕಬೇಕು. ಎರಡೂ ಒಟ್ಟಿಗೆ ಓಡಿದರೆ ಹೊರೆ 2,100 ವ್ಯಾಟ್ ಮೀರುತ್ತದೆ.
5. ಗೀಸರ್, ಇಂಡಕ್ಷನ್ ಒಲೆ, ಎ.ಸಿ.ಗಳನ್ನು ಈ ಗಾತ್ರದ ಜನರೇಟರ್‌ಗೆ ಜೋಡಿಸಬಾರದು. ಅವುಗಳ ಎಂಸಿಬಿಗಳನ್ನು ಮೊದಲೇ ಇಳಿಸಿಡುವುದು ಕ್ಷೇಮ.
6. ನಿಲ್ಲಿಸುವಾಗ ಮೊದಲು ಹೊರೆಯನ್ನು ತೆಗೆದು, ಬಳಿಕ ಎಂಜಿನ್ ನಿಲ್ಲಿಸಬೇಕು. ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವಾಗ ವೋಲ್ಟೇಜ್ ಏರುಪೇರಾಗಿ ಉಪಕರಣಗಳಿಗೆ ಹಾನಿಯಾಗಬಹುದು.

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್‌ನಂತಹ ವೈದ್ಯಕೀಯ ಉಪಕರಣ ಬಳಸುವವರಿದ್ದರೆ ಅದರ ಪಾಲನ್ನು ಮೊದಲು ಕಾದಿರಿಸಿ, ಉಳಿದದ್ದನ್ನಷ್ಟೇ ಬೇರೆ ಹೊರೆಗಳಿಗೆ ಹಂಚಬೇಕು. ಜನರೇಟರ್ ಯಾವ ಕ್ಷಣದಲ್ಲಾದರೂ ನಿಲ್ಲಬಹುದಾದ್ದರಿಂದ ತುಂಬಿದ ಆಮ್ಲಜನಕ ಸಿಲಿಂಡರ್ ಪಕ್ಕದಲ್ಲಿರಬೇಕು.

## ಹೊರೆ ಮಿತಿಮೀರಿದಾಗ

ಎರಡು ಧ್ರುವಗಳ ಆಲ್ಟರ್ನೇಟರ್ ಇರುವ ಸಾಮಾನ್ಯ ಪೋರ್ಟಬಲ್ ಜನರೇಟರ್ 50 ಹರ್ಟ್ಸ್ ಆವರ್ತನ ನೀಡಲು ನಿಮಿಷಕ್ಕೆ 3,000 ಸುತ್ತು ತಿರುಗಬೇಕು. ಹೊರೆ ಅತಿಯಾದಾಗ ವೇಗ ತಗ್ಗಿ ಆವರ್ತನವೂ ವೋಲ್ಟೇಜೂ ಇಳಿಯುತ್ತವೆ. ದೀಪ ಮಂಕಾಗುವುದು, ಎಂಜಿನ್ನಿನ ಸದ್ದು ಭಾರವಾಗುವುದು, ಕಪ್ಪು ಹೊಗೆ, ಸುಟ್ಟ ವಾಸನೆ ಇದರ ಲಕ್ಷಣಗಳು. ವೋಲ್ಟೇಜ್ ಇಳಿದಾಗ ಮೋಟಾರುಗಳು ಹೆಚ್ಚು ಕರೆಂಟು ಎಳೆದು ಕಾಯುತ್ತವೆ. ಫ್ರಿಜ್ಜಿನ ಕಂಪ್ರೆಸರ್ ಸುಡುವುದು ಹೀಗೆ. ಜನರೇಟರ್‌ನ ಬ್ರೇಕರ್ ಪದೇಪದೇ ಬೀಳುತ್ತಿದ್ದರೆ ಅದನ್ನು ಮತ್ತೆ ಮತ್ತೆ ಎತ್ತುವ ಬದಲು ಹೊರೆಯನ್ನು ಕಡಿಮೆ ಮಾಡಬೇಕು. ಇನ್ವರ್ಟರ್ ಮಾದರಿಯ ಜನರೇಟರ್‌ಗಳು ಎಂಜಿನ್ನಿನ ವೇಗ ಬದಲಾದರೂ ಆವರ್ತನವನ್ನು ಸ್ಥಿರವಾಗಿಡುತ್ತವೆ. ಮಿತಿ ಮೀರಿದಾಗ ಅವು ತಾವಾಗಿ ಪೂರೈಕೆಯನ್ನು ಕಡಿದುಹಾಕುತ್ತವೆ.

## ತಂತಿ ಮತ್ತು ಭೂಸಂಪರ್ಕ

ಜನರೇಟರ್‌ನಿಂದ ಮನೆಯೊಳಗೆ ಎಳೆಯುವ ತಂತಿ ಹರಿಯುವ ಕರೆಂಟಿಗೆ ತಕ್ಕಷ್ಟು ದಪ್ಪವಿರಬೇಕು. 30 ಮೀಟರ್ ದೂರಕ್ಕೆ 10 ಆಂಪಿಯರ್ ಸಾಗಿಸುವಾಗ 1 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಸುಮಾರು 12 ವೋಲ್ಟ್ ನಷ್ಟವಾಗುತ್ತದೆ. 2.5 ಚದರ ಮಿ.ಮೀ. ತಂತಿಯಲ್ಲಿ ನಷ್ಟ ಸುಮಾರು 5 ವೋಲ್ಟ್ ಮಾತ್ರ. ಸುರುಳಿ ಬಿಚ್ಚದ ಎಕ್ಸ್‌ಟೆನ್ಷನ್ ತಂತಿ ಒಳಗೇ ಕಾದು ಕರಗಬಹುದು. ಇಸ್ತ್ರಿಪೆಟ್ಟಿಗೆ, ಮೋಟಾರುಗಳಂತಹ ಭಾರದ ಉಪಕರಣಗಳಿಗೆ 6 ಆಂಪಿಯರ್ ಸಾಕೆಟ್ಟಿನ ಬದಲು 16 ಆಂಪಿಯರ್ ಸಾಕೆಟ್ ಬಳಸಬೇಕು.

ಸೋರಿಕೆ ವಿದ್ಯುತ್ತಿನಿಂದ ರಕ್ಷಣೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಗತ್ಯ. ಆದರೆ ಅನೇಕ ಪೋರ್ಟಬಲ್ ಜನರೇಟರ್‌ಗಳಲ್ಲಿ ನ್ಯೂಟ್ರಲ್ ತಂತಿ ಯಂತ್ರದ ಚೌಕಟ್ಟಿಗಾಗಲಿ ಭೂಮಿಗಾಗಲಿ ಸೇರಿರುವುದಿಲ್ಲ. ಅಂತಹ ಯಂತ್ರದೊಂದಿಗೆ ಮನೆಯ ಆರ್‌ಸಿಸಿಬಿ ಕೆಲಸ ಮಾಡದೆ ಇರಬಹುದು. ಈ ಜೋಡಣೆಯನ್ನು ಕೈಪಿಡಿಯ ಪ್ರಕಾರ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಪರೀಕ್ಷಿಸಿ ಮಾಡಿಸಬೇಕು.

## ಮನೆಯ ವೈರಿಂಗಿಗೆ ಜೋಡಣೆ

ಜನರೇಟರನ್ನು ಮನೆಯ ವೈರಿಂಗಿಗೆ ಸೇರಿಸುವುದಾದರೆ ಚೇಂಜ್‌ಓವರ್ ಸ್ವಿಚ್ ಮೂಲಕವೇ ಸೇರಿಸಬೇಕು. ಇದು ಬೆಸ್ಕಾಂ ಪೂರೈಕೆ ಅಥವಾ ಜನರೇಟರ್, ಇವೆರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುತ್ತದೆ. ಏಕಫೇಸ್ ಮನೆಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವ ಸ್ವಿಚ್ ಇರಬೇಕು.

ಎರಡೂ ತುದಿಗೆ ಪ್ಲಗ್ ಇರುವ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಮನೆಗೆ ವಿದ್ಯುತ್ ಕೊಡುವ ಪದ್ಧತಿ ಅತ್ಯಂತ ಅಪಾಯಕಾರಿ. ಆಗ ವಿದ್ಯುತ್ ಮೀಟರಿನ ಮೂಲಕ ಹಿಮ್ಮುಖವಾಗಿ ಬೀದಿಯ ತಂತಿಗೆ ಹರಿಯುತ್ತದೆ. ವಿತರಣಾ ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ 11,000 ವೋಲ್ಟನ್ನು ಮನೆಬಳಕೆಯ ಮಟ್ಟಕ್ಕೆ ಇಳಿಸುತ್ತದೆ. ಹಿಮ್ಮುಖ ಹರಿವಿನಲ್ಲಿ ಅದೇ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಏರಿಸುತ್ತದೆ. ಬಿದ್ದ ಕೊಂಬೆ ತೆರವುಗೊಳಿಸಿ ತುಂಡಾದ ತಂತಿ ಸೇರಿಸಲು ಕಂಬ ಹತ್ತಿದ ಪವರ್‌ಮ್ಯಾನ್ ಮಾರ್ಗದಲ್ಲಿ ವಿದ್ಯುತ್ ಇಲ್ಲವೆಂದು ನಂಬಿರುತ್ತಾನೆ. ಕತ್ತಲಲ್ಲಿ ಕುಳಿತ ಒಂದು ಮನೆಯ ಆತುರ ಆತನ ಪ್ರಾಣಕ್ಕೆ ಎರವಾಗಬಹುದು. ಬೆಸ್ಕಾಂ ಪೂರೈಕೆ ಹಠಾತ್ತನೆ ಮರಳಿದಾಗ ಎರಡು ಮೂಲಗಳು ಡಿಕ್ಕಿಯಾಗಿ ಜನರೇಟರ್ ಸುಡುವ, ಬೆಂಕಿ ಹೊತ್ತುವ ಸಂಭವವೂ ಇದೆ. ಚೇಂಜ್‌ಓವರ್ ಸ್ವಿಚ್ ಇಲ್ಲದ ಮನೆಗಳಲ್ಲಿ ಉಪಕರಣಗಳನ್ನು ಜನರೇಟರ್‌ನ ಸಾಕೆಟ್ಟಿಗೇ ನೇರವಾಗಿ ಜೋಡಿಸುವುದು ಸುರಕ್ಷಿತ ಮಾರ್ಗ.

ವಿದ್ಯುತ್ ಕಾಯ್ದೆ 2003ರ ಅಡಿ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಸುರಕ್ಷತಾ ನಿಯಮಾವಳಿಯನ್ನು ಹೊರಡಿಸಿತು. 2023ರಲ್ಲಿ ಅದರ ಸ್ಥಾನಕ್ಕೆ ಹೊಸ ನಿಯಮಾವಳಿ ಬಂದಿತು. ವೈರಿಂಗ್ ಕಾಮಗಾರಿಯನ್ನು ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕ ಮಾಡಿಸುವುದು ಮತ್ತು ಭೂಸಂಪರ್ಕ ಇವುಗಳ ಮುಖ್ಯ ಅಂಶಗಳಲ್ಲಿ ಸೇರಿವೆ.

## ನೀರು ಮತ್ತು ಹೊಗೆ

ಮಳೆಗಾಲದಲ್ಲಿ ತಗ್ಗು ಪ್ರದೇಶಗಳ ಬೇಸ್‌ಮೆಂಟುಗಳಿಗೆ ನೀರು ನುಗ್ಗಿದಾಗ ಅದನ್ನು ಹೊರಹಾಕಲು ಪಂಪ್ ಬಳಸುವುದು ವಾಡಿಕೆ. 2025ರ ಮೇ 19ರಂದು ಬಿಟಿಎಂ ಬಡಾವಣೆಯ ಎನ್.ಎಸ್. ಪಾಳ್ಯದ ವಸತಿ ಸಮುಚ್ಚಯವೊಂದರಲ್ಲಿ ಹೀಗೆ ಮಳೆನೀರು ಹೊರಹಾಕುವ ವೇಳೆ ವಿದ್ಯುತ್ ತಗುಲಿ ಒಬ್ಬ ಬಾಲಕ ಸೇರಿದಂತೆ ಇಬ್ಬರು ಮೃತಪಟ್ಟರು. ಪೂರೈಕೆಯ ಮೂಲ ಬೆಸ್ಕಾಂ ಆಗಲಿ ಜನರೇಟರ್ ಆಗಲಿ, ನಿಂತ ನೀರಿನಲ್ಲಿ ಕಾಲಿಟ್ಟು ಪ್ಲಗ್, ಸ್ವಿಚ್ ಅಥವಾ ಪಂಪನ್ನು ಮುಟ್ಟುವುದು ಪ್ರಾಣಾಂತಿಕ. ಜನರೇಟರ್, ತಂತಿಯ ಜೋಡಣೆಗಳು ಮತ್ತು ಸಾಕೆಟ್ಟುಗಳು ಒಣ ನೆಲದಲ್ಲಿ, ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಪಂಪನ್ನು ನೀರಿಗಿಳಿಸಿದ ಬಳಿಕವೇ ವಿದ್ಯುತ್ ಕೊಡಬೇಕು. ವಿದ್ಯುತ್ ತೆಗೆದ ಬಳಿಕವೇ ಅದನ್ನು ಮುಟ್ಟಬೇಕು.

ಎಂಜಿನ್ನಿನ ಹೊಗೆಯಲ್ಲಿ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವಿದ್ದು, ಮುಚ್ಚಿದ ಜಾಗದಲ್ಲಿ ನಿಮಿಷಗಳಲ್ಲೇ ಪ್ರಾಣಾಪಾಯ ತರಬಲ್ಲದು. ಜನರೇಟರ್ ಕಿಟಕಿ ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರ ಇರಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ ಸಲಹೆ. ಗೋಡೆಗೆ ಗೋಡೆ ತಾಗುವಂತಿರುವ ಇಲ್ಲಿನ ಮನೆಗಳಲ್ಲಿ ಇಷ್ಟು ಅಂತರ ಸಿಗುವುದು ಕಷ್ಟ. ಬಾಲ್ಕನಿ, ಯುಟಿಲಿಟಿ, ಮೆಟ್ಟಿಲ ಕೆಳಗೆ, ಬೇಸ್‌ಮೆಂಟ್ ಮತ್ತು ಕಟ್ಟಡದ ಕೆಳಗಿನ ಪಾರ್ಕಿಂಗ್ ಜಾಗ ಇದಕ್ಕೆ ತಕ್ಕುದಲ್ಲ. ತೆರೆದ ಜಾಗವೇ ಇಲ್ಲದಿದ್ದರೆ ಜನರೇಟರ್ ಬಿಟ್ಟು ಬ್ಯಾಟರಿ ಯುಪಿಎಸ್ ಆಯ್ಕೆಮಾಡುವುದು ಲೇಸು. ಪೆಟ್ರೋಲ್ ತುಂಬುವ ಮುನ್ನ ಎಂಜಿನ್ ನಿಲ್ಲಿಸಿ ತಣಿಯಲು ಬಿಡಬೇಕು. ಶಬ್ದಮಾಲಿನ್ಯ ನಿಯಮಗಳು 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್.

## ಉತ್ಸವ ಮತ್ತು ಸಮಾರಂಭಗಳಲ್ಲಿ

ಗಣೇಶೋತ್ಸವದ ಪೆಂಡಾಲು, ಮದುವೆ ಹಾಗೂ ಆರ್ಕೆಸ್ಟ್ರಾ ಕಾರ್ಯಕ್ರಮಗಳಿಗೆ ಬಾಡಿಗೆಗೆ ತರುವ ದೊಡ್ಡ ಜನರೇಟರ್‌ಗಳು ಸಾಮಾನ್ಯವಾಗಿ ಮೂರು ಫೇಸ್‌ನವು. ಇವುಗಳಲ್ಲಿ ಒಟ್ಟು ಹೊರೆ ಮಿತಿಯೊಳಗಿದ್ದರೆ ಸಾಲದು. ಮೂರೂ ಫೇಸ್‌ಗಳಿಗೆ ಅದು ಸಮನಾಗಿ ಹಂಚಿಕೆಯಾಗಬೇಕು. 15 ಕೆವಿಎ ಯಂತ್ರದ ಒಂದು ಫೇಸ್‌ಗೆ ದೊರೆಯುವುದು 5 ಕೆವಿಎ ಮಾತ್ರ, ಅಂದರೆ ಸುಮಾರು 22 ಆಂಪಿಯರ್. ಧ್ವನಿವರ್ಧಕ, ಫ್ಲಡ್‌ಲೈಟ್, ಸೀರಿಯಲ್ ಸೆಟ್ ಎಲ್ಲವನ್ನೂ ಒಂದೇ ಫೇಸ್‌ಗೆ ಹೇರಿದರೆ ಉಳಿದೆರಡು ಫೇಸ್‌ಗಳು ಬರಿದಾಗಿದ್ದರೂ ಅದೊಂದು ಬಿಸಿಯೇರುತ್ತದೆ. ಜನ ಓಡಾಡುವಲ್ಲಿ ತಂತಿಯನ್ನು ಎತ್ತರದಲ್ಲಿ ಎಳೆಯಬೇಕು. ತಂತಿಗಳ ಗಂಟುಗಳು ಕಬ್ಬಿಣದ ಕಂಬ, ತಗಡು ಹಾಗೂ ಒದ್ದೆ ನೆಲವನ್ನು ಮುಟ್ಟಬಾರದು.

## ತುರ್ತು ಸಂದರ್ಭ

ಯಾರಿಗಾದರೂ ವಿದ್ಯುತ್ ತಗುಲಿದರೆ ಮುಟ್ಟುವ ಮುನ್ನ ಜನರೇಟರ್ ನಿಲ್ಲಿಸಬೇಕು ಅಥವಾ ಮುಖ್ಯ ಸ್ವಿಚ್ ತೆಗೆಯಬೇಕು. ಅದು ಸಾಧ್ಯವಾಗದಿದ್ದರೆ ಒಣ ನೆಲದ ಮೇಲೆ ನಿಂತು, ಒಣ ಮರದ ಕೋಲಿನಿಂದ ತಂತಿಯನ್ನು ದೂರ ಸರಿಸಬೇಕು. ಹೊಗೆಯಿಂದ ತಲೆಸುತ್ತು, ತಲೆನೋವು, ವಾಕರಿಕೆ ಕಂಡರೆ ಕೂಡಲೇ ಎಲ್ಲರೂ ಬಯಲಿಗೆ ಬರಬೇಕು. ಬೀದಿಯಲ್ಲಿ ತುಂಡಾಗಿ ಬಿದ್ದ ತಂತಿಯನ್ನು ವಿದ್ಯುತ್ ಇಲ್ಲದಿದ್ದಾಗಲೂ ಜೀವಂತ ತಂತಿಯೆಂದೇ ಭಾವಿಸಿ ದೂರವಿರಬೇಕು. ಬೆಸ್ಕಾಂ ಸಹಾಯವಾಣಿ 1912, ಆಂಬುಲೆನ್ಸ್ 108, ಅಗ್ನಿಶಾಮಕ ದಳ 101, ಸಾಮಾನ್ಯ ತುರ್ತು ಸಂಖ್ಯೆ 112.